ಬಟ್ಟೆಯಲ್ಲಿ ಸೋಸಿದ ನೀರು

ನಮ್ಮ ಹಳೆಯ ಮನೆಯಲ್ಲಿ ದೇವರ ಪೆಟ್ಟಿಗೆಗಿಂತ ಹೆಚ್ಚು ಮಡಿಯಿಂದ ಕಾಪಾಡಿದ ವಸ್ತು ಒಂದಿತ್ತು. ಅದು ಅಜ್ಜಿಯ ಹಳೆಯ ಸೀರೆಯಿಂದ ಹರಿದುಕೊಂಡ ಒಂದು ಮೊಳದ ಬಟ್ಟೆ. ಅಡಿಗೆಮನೆಯ ಮೂಲೆಯಲ್ಲಿ, ಮರಳು ಹಾಸಿ ಕೂರಿಸಿದ ಮಣ್ಣಿನ ಗುಡಾಣದ ಬಾಯಿಗೆ ಅದನ್ನು ನಾಲ್ಕು ಪದರ ಮಡಿಸಿ ಹಾಸುತ್ತಿದ್ದರು. ಬಾವಿಯಿಂದ ಬಂದ ಕೊಡ ಯಾರದೇ ಆಗಲಿ, ಆ ಬಟ್ಟೆಯ ಮೇಲೆ ಸುರಿಯದೆ ಒಂದು ತೊಟ್ಟು ನೀರೂ ಗುಡಾಣದೊಳಕ್ಕೆ ಇಳಿಯುವಂತಿರಲಿಲ್ಲ. ಬಟ್ಟೆಯ ಒಂದು ಮೂಲೆಗೆ ಕೆಂಪು ದಾರದ ಎರಡು ಹೊಲಿಗೆ ಹಾಕಿತ್ತು. ಕೆಂಪು ಹೊಲಿಗೆ ಯಾವಾಗಲೂ ಮೇಲಕ್ಕಿರಬೇಕು. ತಿರುವುಮುರುವಾಗಿ ಹಾಸಿದ ಸೊಸೆಯಂದಿರು ಬೈಗುಳ ತಿಂದದ್ದುಂಟು. ನಾನೂ ಒಮ್ಮೆ ಕಿವಿ ಹಿಂಡಿಸಿಕೊಂಡಿದ್ದೇನೆ. ನಿನ್ನೆ ಮೇಲೆ ನಿಂತ ಕಸ ಇವತ್ತು ಕೆಳಗಾದರೆ ಗುಡಾಣಕ್ಕೆ ಬೀಳುವುದಿಲ್ಲವೇ ಎಂಬುದು ಅಜ್ಜಿಯ ತರ್ಕ. ಸಂಜೆ ಬಟ್ಟೆಯನ್ನು ಒಗೆದು ತುಳಸಿಕಟ್ಟೆಯ ಮೇಲೆ ಬಿಸಿಲು ಬೀಳುವ ಕಡೆ ಒಣಹಾಕುತ್ತಿದ್ದರು.

ಇದು ಚಿತ್ರದುರ್ಗದ ಸೀಮೆಯ ಮಾತು. ಮಳೆ ಕಡಿಮೆ, ಬಂಡೆ ಹೆಚ್ಚು. ಊರಿಗೆಲ್ಲ ಒಂದೇ ಮೆಟ್ಟಿಲಬಾವಿ. ಹೆಂಗಸರು ಕೊಡ ಹೊತ್ತು ಮೆಟ್ಟಿಲಿಳಿದು, ಮೊಣಕಾಲುಮಟ್ಟ ನೀರಿಗೆ ಹೋಗಿ, ಕೈಯಿಂದ ಮೇಲಿನ ಪೊರೆ ಸರಿಸಿ ಕೊಡ ಮುಳುಗಿಸುತ್ತಿದ್ದರು. ಕಾಲು ತೊಳೆಯುವುದೂ ಅಲ್ಲೇ, ಬಾಯಿ ಮುಕ್ಕಳಿಸುವುದೂ ಅಲ್ಲೇ. ಬೇಸಿಗೆ ಏರಿದಂತೆ ನೀರು ಇಳಿದು, ಕೊನೆಗೆ ತಳದಲ್ಲಿ ಹಸುರು ಮಡು ಮಾತ್ರ ಉಳಿಯುತ್ತಿತ್ತು. ಆಗ ಬರುತ್ತಿತ್ತು ನಾರುಹುಣ್ಣು.

ಈಗಿನ ವಾಚಕರಲ್ಲಿ ಬಹುಮಂದಿ ಈ ಹೆಸರನ್ನೇ ಕೇಳಿರಲಾರರು. ಕೇಳದಿರುವುದು ಅವರ ಭಾಗ್ಯ. ನಾನು ಅದನ್ನು ಕೇಳಿದ್ದು ನಮ್ಮಜ್ಜನ ಕಾಲಿನ ಕಥೆಯಿಂದ. ಅಜ್ಜ ಬಲಗಾಲನ್ನು ಎಳೆದು ನಡೆಯುತ್ತಿದ್ದರು, ಹರಡು ಮಡಚುತ್ತಿರಲಿಲ್ಲ. ಮಕ್ಕಳಾದ ನಮಗೆ ಅದು ಅವರ ಹುಟ್ಟುಗುಣವೆಂದೇ ತೋರಿತ್ತು. ನಿಜವಾದ ಸಂಗತಿ ಬೇರೆ. ನಮ್ಮ ತಂದೆ ಇನ್ನೂ ತೊಟ್ಟಿಲಲ್ಲಿದ್ದ ಕಾಲ, ಅಂದರೆ 1930ರ ಸುಮಾರು. ಮುಂಗಾರಿನ ಮೊದಲ ಮಳೆ ಬಿದ್ದು ಎತ್ತು ಹೂಡಬೇಕೆನ್ನುವ ವಾರದಲ್ಲಿ ಅಜ್ಜನ ಹರಡಿನ ಬಳಿ ಬೊಬ್ಬೆಯೆದ್ದಿತು. ಬೆಂಕಿಯಿಟ್ಟಂತೆ ಉರಿ. ಉರಿ ತಡೆಯಲಾರದೆ ಕಾಲನ್ನು ನೀರಿನಲ್ಲಿಟ್ಟರು. ಬೊಬ್ಬೆ ಒಡೆದು ಬಿಳಿಯ ನೂಲಿನ ತುದಿಯಂಥದೊಂದು ಹೊರಗೆ ಕಂಡಿತು. ಊರಿನ ಒಬ್ಬ ಅನುಭವಸ್ಥ ಬಂದು ಆ ತುದಿಯನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಎರಡು ಬೆರಳಗಲದಷ್ಟು ಹೊರಕ್ಕೆ ತಿರುವತೊಡಗಿದ. ನಾಲ್ಕನೆಯ ದಿನ ಅಜ್ಜ ನೋವಿಗೆ ಕಾಲು ಝಾಡಿಸಿದರು, ನೂಲು ತುಂಡಾಯಿತು. ಒಳಗೆ ಉಳಿದ ಭಾಗ ಕೀವು ತುಂಬಿ ಕಾಲು ಕಂಬವಾಯಿತು. ಮೂರು ತಿಂಗಳು ಹಾಸಿಗೆ. ಆ ವರ್ಷ ಹೊಲ ಬಿತ್ತಲಿಲ್ಲ. ಒಂದು ವರ್ಷ ಬಿತ್ತದ ಹೊಲದಿಂದ ಹುಟ್ಟಿದ ಸಾಲ ತೀರಲು ಹನ್ನೊಂದು ವರ್ಷ ಹಿಡಿಯಿತೆಂದು ತಂದೆ ಹೇಳುತ್ತಿದ್ದರು. ಹರಡಂತೂ ಮತ್ತೆ ಮಡಚಲೇ ಇಲ್ಲ.

ಅಜ್ಜಿಯ ಬಟ್ಟೆ ಹುಟ್ಟಿದ್ದು ಆ ಮೂರು ತಿಂಗಳಿನಲ್ಲಿ. ಆಕೆಯ ತವರೂರಿನಲ್ಲಿ ಒಂದು ಜೈನರ ಅಂಗಡಿಮನೆ ಇತ್ತಂತೆ. ಊರಿನ ಮನೆಮನೆಯಲ್ಲೂ ವರ್ಷಕ್ಕೊಬ್ಬರು ನಾರುಹುಣ್ಣಿನಿಂದ ಮಲಗುತ್ತಿದ್ದರೆ, ಅವರ ಮನೆಯಲ್ಲಿ ಮಾತ್ರ ಯಾರೂ ಮಲಗಿದ್ದನ್ನು ಅಜ್ಜಿ ಕಂಡಿರಲಿಲ್ಲ. ಅವರು ಮಾಡುತ್ತಿದ್ದು ತಾವು ಮಾಡದೆ ಇದ್ದದ್ದು ಯಾವುದೆಂದು ಯೋಚಿಸಿದರೆ ಆಕೆಗೆ ಸಿಕ್ಕಿದ ಉತ್ತರ ಒಂದೇ: ಅವರು ನೀರು ಸೋಸುತ್ತಿದ್ದರು. ಅಕ್ಷರ ಬಾರದ ಹೆಂಗಸು. ಇದಕ್ಕಿಂತ ಹೆಚ್ಚಿನ ಶೋಧನೆಯನ್ನು ದೊಡ್ಡ ಪದವಿಯವರೂ ಇಷ್ಟು ಅಗ್ಗವಾಗಿ ಮಾಡಿಲ್ಲವೆಂದು ನನಗೆ ಅನೇಕ ಸಲ ಅನ್ನಿಸಿದೆ.

ನೀರು ಸೋಸುವುದು ನಮ್ಮ ದೇಶದಲ್ಲಿ ಬಹು ಹಳೆಯ ಆಚಾರ. ಆದರೆ ಅದರ ಉದ್ದೇಶ ಕುಡಿಯುವವನನ್ನು ಉಳಿಸುವುದಾಗಿರಲಿಲ್ಲ ಎಂಬುದು ಸ್ವಾರಸ್ಯ. ಜೈನರು ದುಪ್ಪಟ್ಟು ಬಟ್ಟೆಯಲ್ಲಿ ಸೋಸುತ್ತಿದ್ದುದು ನೀರಿನಲ್ಲಿರುವ ಸೂಕ್ಷ್ಮ ಜೀವಿಗಳಿಗೆ ಹಿಂಸೆಯಾಗಬಾರದೆಂದು. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದದ್ದನ್ನು ಸೋಸಿದ ನೀರಿನಿಂದಲೇ ತೊಳೆದು, ಎಲ್ಲಿಂದ ತಂದರೋ ಆ ಬಾವಿಗೇ ಬಿಡಬೇಕೆಂಬ ಕಟ್ಟುನಿಟ್ಟೂ ಅವರಲ್ಲುಂಟು. ಬೌದ್ಧ ಭಿಕ್ಷುವಿಗೆ ಇಟ್ಟುಕೊಳ್ಳಲು ಅನುಮತಿಯಿದ್ದ ಎಂಟು ಪರಿಕರಗಳಲ್ಲಿ ಚೀವರ, ಪಾತ್ರೆ, ಸೂಜಿ, ಕ್ಷೌರದ ಕತ್ತಿಗಳ ಜೊತೆಗೆ ನೀರು ಸೋಸುವ ಬಟ್ಟೆಯೂ ಒಂದು. ಮನುಸ್ಮೃತಿ ಸಹ ಸಂನ್ಯಾಸಿಗೆ ವಸ್ತ್ರದಲ್ಲಿ ಸೋಸಿದ ನೀರನ್ನೇ ಕುಡಿಯಹೇಳುತ್ತದೆ. 7ನೆಯ ಶತಮಾನದ ಕೊನೆಯಲ್ಲಿ ನಾಲಂದೆಯಲ್ಲಿ ಓದಿದ ಚೀನೀ ಯಾತ್ರಿಕ ಇತ್ಸಿಂಗನಂತೂ ಈ ವಿಷಯದಲ್ಲಿ ಬಹಳ ಶಿಸ್ತಿನ ಮನುಷ್ಯ. ನೀರನ್ನು ಹೇಗೆ ಪರೀಕ್ಷಿಸಬೇಕು, ಸೋಸುವ ರೇಷ್ಮೆ ಹೇಗಿರಬೇಕು, ಸಿಕ್ಕಿದ ಜೀವಿಗಳನ್ನು ಹೇಗೆ ಮರಳಿ ನೀರಿಗೆ ಬಿಡಬೇಕು ಎಂದು ಸಾಲುಸಾಲಾಗಿ ಬರೆದಿಟ್ಟಿದ್ದಾನೆ. ಹೀಗೆ ಹುಳುವಿಗೆ ತೋರಿಸಿದ ದಯೆ ತಿರುಗಿ ದಯೆ ತೋರಿಸಿದವನನ್ನೇ ಕಾಪಾಡಿತು. ಆ ಕಾಲದವರಾರಿಗೂ ಇದು ಗೊತ್ತಿದ್ದಂತೆ ಕಾಣುವುದಿಲ್ಲ.

ರೋಗವಾದರೋ ಆಚಾರಕ್ಕಿಂತಲೂ ಹಳೆಯದು. ಆಯುರ್ವೇದದವರು ಇದನ್ನು ಸ್ನಾಯುಕ ಎಂದು ಕರೆದರು. ಅರಬ್ಬೀ ವೈದ್ಯರು ಮೆದೀನಾದ ನರವೆಂದರು. ಹೊರಬಂದದ್ದು ಹುಳುವೋ ನರವೋ ಎಂಬ ಸಂದೇಹ ಬಹುಕಾಲ ಇತ್ತು. ನಮ್ಮವರೂ ‘ನಾರು’ ಎಂದಷ್ಟೆ ಹೇಳಿ ಕೈತೊಳೆದುಕೊಂಡರು. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ವಸ್ತುಸಂಗ್ರಹಾಲಯದಲ್ಲಿ 1770 ಎಂಬ ಸಂಖ್ಯೆಯ ಈಜಿಪ್ಟಿನ ಮಮ್ಮಿಯೊಂದುಂಟು. 1975ರಲ್ಲಿ ಅದರ ಬಟ್ಟೆ ಬಿಚ್ಚಿ ಪರೀಕ್ಷಿಸಿದಾಗ, ಸುಮಾರು ಹದಿಮೂರು ವರ್ಷದ ಆ ಹುಡುಗಿಯ ದೇಹದಲ್ಲಿ ಸುಣ್ಣಗಟ್ಟಿದ ನಾರುಹುಳು ಸಿಕ್ಕಿತು. ಆ ಹೆಣ್ಣುಮಗುವಿನ ಕಾಲುಗಳೂ ಮೊಣಕಾಲಿನ ಬಳಿ ಇರಲಿಲ್ಲ. ಕಾರಣವನ್ನು ಪಂಡಿತರು ಚರ್ಚಿಸಲಿ. ನನಗೆ ಅದನ್ನು ಓದಿದಾಗ ಅಜ್ಜನ ಹರಡು ನೆನಪಾಯಿತು.

ಹುಳು ಮನುಷ್ಯನೊಳಕ್ಕೆ ಹೋಗುವುದು ಹೇಗೆ ಎಂಬ ಒಗಟನ್ನು ಬಿಡಿಸಲು ಕೈಹಾಕಿದವನು ಅಲೆಕ್ಸಿ ಫೆಡ್ಚೆಂಕೊ ಎಂಬ ರಷ್ಯದ ತರುಣ. 1870ರಲ್ಲಿ ತುರ್ಕಿಸ್ತಾನದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಅವನು ನೋಡಿದ್ದು ಇಷ್ಟು: ಹುಳುವಿನ ಮರಿಗಳು ನೀರಿನಲ್ಲಿರುವ ಒಂದು ಸಣ್ಣ ಚಿಗಟದೊಳಕ್ಕೆ ಸೇರಿಕೊಳ್ಳುತ್ತವೆ. ಆ ನೀರುಚಿಗಟಕ್ಕೆ ಸೈಕ್ಲಾಪ್ಸ್ ಎಂದು ಹೆಸರು. ಗ್ರೀಕರ ಒಕ್ಕಣ್ಣ ರಾಕ್ಷಸನ ಹೆಸರು, ಇದಕ್ಕೂ ಒಂದೇ ಕಣ್ಣು. ಗಾತ್ರ ಮಾತ್ರ ರಾಕ್ಷಸನದಲ್ಲ, ಒಂದೆರಡು ಮಿಲಿಮೀಟರು ಅಷ್ಟೆ. ಗಾಜಿನ ಲೋಟದಲ್ಲಿ ನೀರು ಹಿಡಿದು ಬೆಳಕಿಗೆ ತೋರಿಸಿದರೆ ಚೂಪಾದ ಕಣ್ಣಿಗೆ ಕುಣಿಯುವ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಫೆಡ್ಚೆಂಕೊ 1873ರಲ್ಲಿ, ಮೂವತ್ತು ತುಂಬುವ ಮೊದಲೇ, ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕಿ ತೀರಿಕೊಂಡ. ಉಳಿದ ಕೊಂಡಿಗಳನ್ನು ಜೋಡಿಸಲು ಬೇರೆಯವರು ಬರಬೇಕಾಯಿತು. 1907ರ ಹೊತ್ತಿಗೆ ರಾಬರ್ಟ್ ಲೀಪರ್ ಎಂಬಾತ ಸೋಂಕಿನ ಚಿಗಟಗಳನ್ನು ಕೋತಿಗೆ ಉಣಿಸಿ ಅದರ ದೇಹದಲ್ಲಿ ಹುಳುವನ್ನು ಕಂಡು ಹೇಳಿದ.

ಈಗ ತಿಳಿದಿರುವ ಕ್ರಮ ಹೀಗೆ. ನೀರಿನ ಜೊತೆ ಚಿಗಟ ಹೊಟ್ಟೆಗೆ ಹೋಗುತ್ತದೆ. ಜಠರದ ಆಮ್ಲದಲ್ಲಿ ಚಿಗಟ ಸಾಯುತ್ತದೆ. ಒಳಗಿನ ಮರಿ ಸಾಯದೆ ಕರುಳನ್ನು ಕೊರೆದು ಮೈಯೊಳಗೆ ಸೇರಿಕೊಳ್ಳುತ್ತದೆ. ಒಂದು ವರ್ಷ ಯಾವ ಸುಳಿವೂ ಇಲ್ಲ. ಅಷ್ಟರಲ್ಲಿ ಹೆಣ್ಣುಹುಳು ಒಂದು ಗಜದಷ್ಟು ಉದ್ದ ಬೆಳೆದು, ಬಹುಮಟ್ಟಿಗೆ ಕಾಲಿನ ಕಡೆಗೇ ಇಳಿದು, ಚರ್ಮವನ್ನು ಸುಟ್ಟುಕೊಂಡು ಹೊರಗೆ ಬರುತ್ತದೆ. ಉರಿ ತಣಿಸಲು ರೋಗಿ ಕಾಲನ್ನು ನೀರಿಗಿಟ್ಟನೋ, ಅದಕ್ಕಾಗಿಯೇ ಕಾದಿದ್ದ ಹುಳು ಲಕ್ಷಗಟ್ಟಲೆ ಮರಿಗಳನ್ನು ಆ ನೀರಿಗೆ ಬಿಡುತ್ತದೆ. ಚಿಗಟಗಳು ಮರಿಗಳನ್ನು ತಿನ್ನುತ್ತವೆ. ಎರಡು ವಾರದಲ್ಲಿ ಅವು ಮುಂದಿನ ಮನುಷ್ಯನಿಗೆ ಸಿದ್ಧ. ನಮ್ಮ ಮೆಟ್ಟಿಲಬಾವಿಯನ್ನು ಈ ಹುಳುವೇ ಯೋಜನೆ ಹಾಕಿ ಕಟ್ಟಿಸಿದ್ದರೂ ಇದಕ್ಕಿಂತ ಅನುಕೂಲವಾಗಿ ಕಟ್ಟಿಸಲಾಗುತ್ತಿರಲಿಲ್ಲ. ಇನ್ನೂ ಕೇಡಿನ ಮಾತೆಂದರೆ, ಹುಳು ಹೊರಬರುವ ಹೊತ್ತಿಗೂ ಬಿತ್ತನೆಯ ಹೊತ್ತಿಗೂ ಹೊಂದಿಕೆ. ಈ ವರ್ಷದ ಬೇಸಿಗೆಯಲ್ಲಿ ಕುಡಿದದ್ದು ಮುಂದಿನ ವರ್ಷ ನೇಗಿಲು ಹಿಡಿಯುವಾಗ ಕಾಲಲ್ಲಿ ಎದ್ದುನಿಲ್ಲುತ್ತದೆ. ಒಮ್ಮೆ ಬಂದವನಿಗೆ ಮತ್ತೆ ಬಾರದೆಂಬ ನಂಬಿಕೆಯೂ ಇಲ್ಲ.

ಅಜ್ಜ ಹಾಸಿಗೆ ಹಿಡಿದಿದ್ದ ಕಾಲದಲ್ಲಿಯೇ, ಅದೇ ಜಿಲ್ಲೆಯಲ್ಲಿ, ಒಬ್ಬ ವೈದ್ಯರು ಇದೇ ವಿಷಯದ ಬೆನ್ನುಹತ್ತಿದ್ದರೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಅವರು ವಿ. ಎನ್. ಮೂರ್ತಿ. ಆಗ ಚಿತಲ್‌ದುರ್ಗವೆನ್ನಿಸಿಕೊಂಡಿದ್ದ ನಮ್ಮ ಜಿಲ್ಲೆಯ ನಾರುಹುಣ್ಣನ್ನು ಕುರಿತು ಅವರ ಅಧ್ಯಯನ 1932ರಲ್ಲಿ ‘ಇಂಡಿಯನ್ ಮೆಡಿಕಲ್ ಗೆಜೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ರಾಕ್‌ಫೆಲರ್ ಪ್ರತಿಷ್ಠಾನದಿಂದ ಮೈಸೂರು ಸಂಸ್ಥಾನಕ್ಕೆ ಬಂದಿದ್ದ ಡಬ್ಲ್ಯು. ಸಿ. ಸ್ವೀಟ್ ಎಂಬ ವೈದ್ಯರೊಡನೆ ಸೇರಿ 1936ರಲ್ಲಿ ಅವರು ಇನ್ನಷ್ಟು ಬರೆದರು. ಬಾವಿಯ ಚಿಗಟಗಳಲ್ಲಿ ಸಹಜವಾಗಿಯೇ ಹುಳುವಿನ ಮರಿ ಇರುವುದನ್ನು ಕಂಡರು. ನಾಯಿಗಳಿಗೆ ಆ ಸೋಂಕು ತಗಲುವುದನ್ನು ಪ್ರಯೋಗದಿಂದ ತೋರಿಸಿದರು. ಔಷಧಿ ಸುರಿಯುವ ಬದಲು ಮೆಟ್ಟಿಲಬಾವಿಗೆ ಚಿಗಟ ತಿನ್ನುವ ಸಣ್ಣ ಮೀನುಗಳನ್ನು ಬಿಟ್ಟರೆ ರೋಗ ಇಳಿಯುತ್ತದೆಂಬ ಉಪಾಯವನ್ನೂ ಅವರು ಮುಂದಿಟ್ಟರು. ಜಗತ್ತಿನಲ್ಲಿ ಈ ರೋಗದ ಮೇಲೆ ಬರೆಯುವವರು ಇಂದಿಗೂ ಮೂರ್ತಿಯವರ ಹೆಸರನ್ನು ಎತ್ತುತ್ತಾರೆ. ನಮ್ಮ ಜಿಲ್ಲೆಯಲ್ಲಿ ಅವರ ಹೆಸರು ಬಲ್ಲವರನ್ನು ನಾನು ಕಾಣೆ. ರಸ್ತೆಗಳಿಗೆ ಹೆಸರಿಡುವ ಉತ್ಸಾಹಿಗಳು ಕಡಿಮೆಯಿಲ್ಲದ ನಾಡಿನಲ್ಲಿ ಇದು ಸ್ವಲ್ಪ ವಿಚಿತ್ರವೇ.

ಬಟ್ಟೆಯಿಂದ ಮನೆಯ ನೀರಿಗೆ ಕಾವಲಾಯಿತು, ಹೊಲದ ನೀರಿಗೆ ಏನು ಗತಿ? ಇದನ್ನೂ ಅಜ್ಜಿ ಯೋಚಿಸಿದ್ದರು. ಬಿಸಿಲಲ್ಲಿ ಬಾಯಾರಿದ ಗಂಡಸರು ಹೊಲದ ಪಕ್ಕದ ಕುಂಟೆಗೆ ಬಗ್ಗಿ ಬೊಗಸೆಯಲ್ಲಿ ಕುಡಿಯುವುದು ರೂಢಿ. ಬೇಡವೆಂದರೆ ಕೇಳುವವರಾರು? ಆದುದರಿಂದ ಅವರಿಗೆ ಬಾಯಾರದಂತೆ ನೋಡಿಕೊಳ್ಳುವುದೇ ದಾರಿ. ರಾತ್ರಿ ರಾಗಿಹಿಟ್ಟನ್ನು ನೀರಿನಲ್ಲಿ ಕಲಸಿ, ಕುದಿಯುವ ನೀರಿಗೆ ಹೊಯ್ದು, ಗಂಟಾಗದಂತೆ ತಿರುವಿ, ಚೆನ್ನಾಗಿ ಬೆಂದಮೇಲೆ ಇಳಿಸಿ ಮುಚ್ಚಿಡುತ್ತಿದ್ದರು. ಬೆಳಗಿನ ಹೊತ್ತಿಗೆ ಅದಕ್ಕೆ ಹದವಾದ ಹುಳಿ ಬಂದಿರುತ್ತಿತ್ತು. ಗಟ್ಟಿ ಮಜ್ಜಿಗೆ, ಉಪ್ಪು, ಜಜ್ಜಿದ ಈರುಳ್ಳಿ. ತೆಳ್ಳಗೆ ಮಾಡಲು ಗುಡಾಣದ ನೀರು. ಇದನ್ನು ದೊಡ್ಡ ಸೋರೆಬುರುಡೆಗೆ ತುಂಬಿ ಹೊಲಕ್ಕೆ ಕಳಿಸಿದರೆ ಮಧ್ಯಾಹ್ನದವರೆಗೆ ಕುಂಟೆಯ ಕಡೆ ಯಾರೂ ತಿರುಗುತ್ತಿರಲಿಲ್ಲ. ಅಂಬಲಿಯ ರುಚಿಯನ್ನು ಹೊಗಳುವ ಕಾಲ ಈಗ ಬಂದಿದೆ. ಪಟ್ಟಣದ ಹೋಟೆಲುಗಳಲ್ಲೂ ಲೋಟಕ್ಕೆ ಬೆಲೆ ಕಟ್ಟಿ ಮಾರುತ್ತಾರೆ. ಅದು ಕುದಿಸಿದ ನೀರನ್ನು ಕುಡಿಸುವ ಒಂದು ಸುಲಭೋಪಾಯವಾಗಿತ್ತೆಂಬುದನ್ನು ಯಾರೂ ಹೇಳುವುದಿಲ್ಲ. ಬರಿಯ ಕುದಿಸಿದ ನೀರು ಸಪ್ಪೆ, ಗಂಡಸರು ಮುಟ್ಟಲಾರರು. ಅಂಬಲಿಯಾದರೆ ಇನ್ನೊಂದು ಲೋಟ ಕೇಳುತ್ತಾರೆ.

ಸರ್ಕಾರ ಈ ರೋಗದ ಮೇಲೆ ಪೂರ್ಣ ದೃಷ್ಟಿಯಿಟ್ಟದ್ದು ತಡವಾಗಿ. ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಆರಂಭವಾದದ್ದು 1983-84ರಲ್ಲಿ. 1984ರ ಎಣಿಕೆಯಲ್ಲಿ ಏಳು ರಾಜ್ಯಗಳಲ್ಲಿ ಸುಮಾರು 40,000 ರೋಗಿಗಳು ಸಿಕ್ಕರು. ಅವುಗಳಲ್ಲಿ ಕರ್ನಾಟಕವೂ ಒಂದು. ಈ ರೋಗಕ್ಕೆ ಲಸಿಕೆಯಿಲ್ಲ, ಹುಳುವನ್ನು ಕೊಲ್ಲುವ ಔಷಧಿಯೂ ಇಲ್ಲ. ಸಿಡುಬನ್ನು ಓಡಿಸಿದವರ ಕೈಯಲ್ಲಿ ಸೂಜಿಯಿತ್ತು. ಇವರ ಕೈಯಲ್ಲಿದ್ದುದು ಬಟ್ಟೆ. ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕಿದರು. ಹುಣ್ಣಿಗೆ ಪಟ್ಟಿ ಕಟ್ಟಿ, ನೀರಿಗಿಳಿಯಬೇಡಿ ಎಂದು ಬೇಡಿಕೊಂಡರು. ಸಣ್ಣ ಕಣ್ಣಿನ ಸೋಸುಬಟ್ಟೆ ಹಂಚಿದರು. ಬಾವಿಗಳಿಗೆ ಚಿಗಟ ಕೊಲ್ಲುವ ಟೆಮೆಫಾಸ್ ಹಾಕಿದರು. ಮೆಟ್ಟಿಲುಗಳನ್ನು ಮುಚ್ಚಿ, ಕಟ್ಟೆ ಕಟ್ಟಿ, ರಾಟೆ ಹೂಡಿ ಸೇದುವ ಬಾವಿ ಮಾಡಿದರು; ಕೈಪಂಪು ನೆಟ್ಟರು. ಕೊನೆಕೊನೆಗೆ ರೋಗಿಯನ್ನು ತೋರಿಸಿಕೊಟ್ಟವರಿಗೆ ಬಹುಮಾನವನ್ನೂ ಸಾರಿದರು. 1996ರ ಜುಲೈ ತಿಂಗಳಿನಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಸಿಕ್ಕಿದ ರೋಗಿಯೇ ಭಾರತದ ಕೊನೆಯವನು. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶ ಮುಕ್ತವಾಯಿತೆಂದು ಪ್ರಮಾಣಪತ್ರ ಕೊಟ್ಟಿತು. ಜಗತ್ತಿನಲ್ಲೆಲ್ಲ 1986ರಲ್ಲಿ 35 ಲಕ್ಷವೆಂದು ಅಂದಾಜು ಮಾಡಿದ್ದ ರೋಗಿಗಳ ಸಂಖ್ಯೆ 2023ರಲ್ಲಿ 14ಕ್ಕೆ ಇಳಿಯಿತು. ಆಫ್ರಿಕದ ಚಾಡ್ ದೇಶದಲ್ಲಿ ನಾಯಿಗಳಿಗೆ ಈ ಹುಳು ಅಂಟಿಕೊಂಡು ಕೊನೆಯ ಹೆಜ್ಜೆಯನ್ನು ತಡೆದದ್ದೂ ಉಂಟು. ಮೂರ್ತಿಯವರ ನಾಯಿಗಳನ್ನು ಜನ ಮತ್ತೆ ನೆನೆದದ್ದು ಆಗ.

ಸೀರೆಯ ಕಥೆ ಇಷ್ಟಕ್ಕೆ ಮುಗಿಯಲಿಲ್ಲ. ಕಾಲರಾ ರೋಗದ ಕ್ರಿಮಿ ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು. ಯಾವ ಬಟ್ಟೆಯಲ್ಲೂ ನಿಲ್ಲಬಾರದು. ಆದರೆ ಕೆರೆಹೊಳೆಗಳಲ್ಲಿ ಅದು ಒಂಟಿಯಾಗಿರುವುದಕ್ಕಿಂತ ಇದೇ ನೀರುಚಿಗಟದ ಬಳಗದ ಮೈಗೆ ಅಂಟಿಕೊಂಡೇ ಹೆಚ್ಚಾಗಿ ಬದುಕುತ್ತದೆ. ಚಿಗಟ ಬಟ್ಟೆಯಲ್ಲಿ ನಿಂತರೆ ಬೆನ್ನಿಗೆ ಅಂಟಿದ ಕ್ರಿಮಿಯೂ ನಿಲ್ಲಬೇಕು. ರೀಟಾ ಕೋಲ್ವೆಲ್, ಅನ್ವರ್ ಹಕ್ ಮೊದಲಾದ ವಿಜ್ಞಾನಿಗಳು ಬಾಂಗ್ಲಾದೇಶದ ಮತ್ಲಾಬ್ ಸೀಮೆಯ 65 ಹಳ್ಳಿಗಳಲ್ಲಿ ಇದನ್ನು ಪರೀಕ್ಷಿಸಿ 2003ರಲ್ಲಿ ಫಲ ಪ್ರಕಟಿಸಿದರು. ಎಂಟು ಪದರವಾಗುವಂತೆ ಮಡಿಸಿದ ಸೀರೆಯಲ್ಲಿ ನೀರು ಸೋಸಿದ ಮನೆಗಳಲ್ಲಿ ಕಾಲರಾ ನೂರಕ್ಕೆ 48ರಷ್ಟು ಇಳಿದಿತ್ತು. ಅದರಲ್ಲಿಯೂ ಹೊಸ ಸೀರೆಗಿಂತ ಹಳೆಯ ಹತ್ತಿಸೀರೆಯೇ ಮೇಲು. ಒಗೆದು ಒಗೆದು ನೂಲು ಬಿಡಿಸಿಕೊಂಡು ಉಬ್ಬಿ, ಕಣ್ಣುಗಳು ಕಿರಿದಾಗುತ್ತವೆ. ಐದು ವರ್ಷ ಬಿಟ್ಟು ಹೋಗಿ ನೋಡಿದಾಗ, ಯಾರೂ ಒತ್ತಾಯಿಸದೆ ನೂರಕ್ಕೆ 31 ಮಂದಿ ಹೆಂಗಸರು ಇನ್ನೂ ಸೋಸುತ್ತಿದ್ದರಂತೆ.

ಇದನ್ನೋದಿ ಯಾರಾದರೂ ಮನೆಯ ಬಟ್ಟೆಯೊಂದನ್ನೇ ನಂಬಿ ಕೂತರೆ ಆ ಪಾಪ ನನ್ನ ತಲೆಗೆ ಬರುತ್ತದೆ. ಒಂಟಿಯಾಗಿ ಈಜುವ ವಿಷಮಶೀತಜ್ವರದ ಕ್ರಿಮಿಯೂ ಕಾಮಾಲೆಯ ವಿಷಾಣುವೂ ಎಷ್ಟು ಪದರದ ಸೀರೆಯಾದರೂ ದಾಟಿಬಿಡುತ್ತವೆ. ಸೋಸಿದ ಮೇಲೆ ನೀರು ಕೊತಕೊತನೆ ಕುದಿಯಬೇಕು. ಆರಿದ ಮೇಲೆ ಅದಕ್ಕೆ ಕೈ ಅದ್ದದೆ ಹಿಡಿಯುಳ್ಳ ಸೌಟಿನಿಂದ ತೆಗೆಯಬೇಕು. ಕುದಿತಕ್ಕೂ ಬಗ್ಗದ ವಿಷವೊಂದುಂಟು. ಮೆಟ್ಟಿಲಬಾವಿಯ ಬದಲು ನಾವು ಕೊಳವೆಬಾವಿಯನ್ನು ನೆಚ್ಚಿ ಆಳಕ್ಕಿಳಿದಂತೆ ಬಂಡೆಯ ಫ್ಲೋರೈಡು ನೀರಿನೊಡನೆ ಮೇಲೆ ಬಂದಿತು. ಕೋಲಾರ, ಪಾವಗಡ, ರಾಯಚೂರು ಕಡೆಗಳಲ್ಲಿ ಮಕ್ಕಳ ಹಲ್ಲಿಗೆ ಕಂದು ಕಲೆ ಬಿದ್ದು, ದೊಡ್ಡವರ ಬೆನ್ನು ಸೆಟೆದದ್ದನ್ನು ಕಂಡವರಿದ್ದಾರೆ. ಕುದಿಸಿದರೆ ನೀರು ಆವಿಯಾಗಿ ಈ ವಿಷ ಒಂದಿಷ್ಟು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಹುಳುವಿನ ಕಾಟ ತಪ್ಪಿಸಲು ತೋಡಿದ ದಾರಿಯಲ್ಲಿ ಇದು ಬಂದು ಕುಳಿತಿತು. ಆದರೂ ಮೆಟ್ಟಿಲಬಾವಿಯ ಕಾಲವೇ ಚೆನ್ನಾಗಿತ್ತೆಂದು ಹೇಳುವವರ ಮಾತಿಗೆ ನಾನು ತಲೆದೂಗಲಾರೆ. ಅವರು ನಮ್ಮಜ್ಜ ನಡೆಯುವುದನ್ನು ನೋಡಿಲ್ಲ.

1986ರ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಅಜ್ಜ ತೀರಿಹೋಗಿ ಬಹಳ ವರ್ಷವಾಗಿತ್ತು. ಬಾವಿಯ ಮೆಟ್ಟಿಲಿಗೆ ಅಡ್ಡಗೋಡೆ ಎದ್ದಿತ್ತು. ಸುತ್ತ ಕಟ್ಟೆ, ಮೇಲೆ ಎರಡು ರಾಟೆ. ನಮ್ಮ ಬೀದಿಯ ತುದಿಯಲ್ಲಿ ಕೈಪಂಪು. ಅಜ್ಜಿಗೆ ಎಂಬತ್ತು ದಾಟಿತ್ತು, ಕಣ್ಣು ಮಂಜಾಗಿತ್ತು. ಮೊಮ್ಮಗಳು ಪಂಪಿನಿಂದ ತಂದ ನೀರನ್ನು ಗುಡಾಣಕ್ಕೆ ಹೊಯ್ಯಲು ಬಂದಾಗ, ಆಕೆ ಕೂತಲ್ಲಿಂದಲೇ ಕೈ ಚಾಚಿ ಬಟ್ಟೆಯ ಮೂಲೆಯನ್ನು ಬೆರಳಿನಿಂದ ತಡವಿ ನೋಡಿದರು. ಹೊಲಿಗೆ ಸಿಕ್ಕಿದ ಮೇಲೆಯೇ ‘ಹೂಂ, ಹುಯ್ಯಿ’ ಅಂದರು.

‘ಅಜ್ಜಿ, ಪಂಪಿನ ನೀರಲ್ಲಿ ಆ ಹುಳ ಇರೋದಿಲ್ಲ, ಸೋಸೋದು ಯಾಕೆ?’ ಅಂದೆ.

‘ಇಲ್ದಿದ್ರೆ ಒಳ್ಳೇದೇ ಆಯ್ತು ಕಣೋ ಮಗ. ಬಟ್ಟೆಗೆ ಕೆಲ್ಸ ಕಮ್ಮಿ’ ಅಂದರು. ಆಮೇಲೆ ಸ್ವಲ್ಪ ತಡೆದು, ಆ ದಾರ ಇನ್ನೂ ಕೆಂಪಗೆ ಉಂಟೇ ನೋಡು ಎಂದು ಕೇಳಿದರು. ಬಣ್ಣ ಪೂರ್ತಿ ಹೋಗಿ ಬಿಳಿಯಾಗಿತ್ತು. ಉಂಟು ಎಂದೆ.